ಡಿಸೈನ್ ಪುಕ್ಕಟೆ, ಪ್ರಿಂಟಿಗೆ ಮಾತ್ರ ರೊಕ್ಕ!

“ತಮ್ಮಾ, ಒಂದು ಸಣ್ಣ ಕೆಲಸ ಐತಿ. ಎರಡ ನಿಮಿಷದ್ದು.”

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಯಾವ ಊರೇ ಇರಲಿ, ಕಂಪ್ಯೂಟರ್ ಮುಂದೆ ಕೂತು ಡಿಸೈನ್ ಮಾಡುವ ಹುಡುಗನ ಫೋನಿಗೆ ಬರುವ ಮೊದಲ ಮಾತು ಇದೇ. ಆ ಎರಡು ನಿಮಿಷ ರಾತ್ರಿ ಹನ್ನೆರಡಕ್ಕೆ ಮುಗಿದರೆ ಅವನ ಪುಣ್ಯ. “ಇನ್ನೊಂದು ಫೋಟೋ ಸೇರಿಸು”, “ಸಾಹೇಬ್ರ ಫೋಟೋ ದೊಡ್ಡದು ಮಾಡು”, “ನಮ್ಮ ಮಾವನ ಹೆಸರು ಕೆಳಗ ಯಾಕ ಬಂತು?” ಹೀಗೆ ತಿದ್ದಿ ತಿದ್ದಿ ಬೆಳಗಾಗುತ್ತದೆ. ಬೆಳಗಾದ ಮೇಲೆ ರೊಕ್ಕ ಕೇಳಿದರೆ, “ಪ್ರಿಂಟಿನವಗ ಕೊಟ್ಟೀನಲ್ಲಪ, ನಿಂದೇನು?”

ಯಾರು ಈ ಹುಡುಗರು? ಹಗಲು ಜೆರಾಕ್ಸ್ ಅಂಗಡಿಯಲ್ಲಿ ಇರುವವರು, ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವರು, ಖಾಸಗಿ ಶಾಲೆಯ ಮಾಸ್ತರರು. ಒಂದು ಸಂಬಳದಲ್ಲಿ ಮನೆ ನಡೆಯೋದಿಲ್ಲ ಅಂತ ರಾತ್ರಿ ಮದುವೆ ಕಾರ್ಡು, ಅಂಗಡಿ ಬೋರ್ಡು, ಬ್ಯಾನರು, ಹುಟ್ಟುಹಬ್ಬದ ಪೋಸ್ಟರು ಮಾಡುತ್ತಾರೆ. ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕರೆ ಸಾಕು, ಮೊಬೈಲಿನಲ್ಲೇ ವಧೂವರರ ಹೆಸರು ತಿದ್ದುತ್ತ ಕೂತವರನ್ನು ನೀವೂ ನೋಡಿರಬಹುದು.

ನಾನೂ ಅದೇ ಬಳಗದವನು. ಪಿಯುಸಿ ಅರ್ಧಕ್ಕೆ ಬಿಟ್ಟವ. ವರದಿಗಾರನ ಸಂಬಳ ತಿಂಗಳ ಕೊನೆಯವರೆಗೆ ಮುಟ್ಟದೇ ಇದ್ದಾಗ ಈ ಕೆಲಸ ಕಲಿತೆ. ಹಾಗಾಗಿ ಇದು ಕೇಳಿ ಬರೆದದ್ದಲ್ಲ, ಉಂಡು ಬರೆದದ್ದು.

ಗಂಗಾವತಿ, ಕಾರಟಗಿ ಕಡೆ ಅಕ್ಕಿ ಗಿರಣಿ ಎಷ್ಟಿವೆ ಅಂತ ಬಸ್ಸಿನ ಕಿಟಕಿಯಿಂದಲೇ ಗೊತ್ತಾಗುತ್ತದೆ. ಅಕ್ಕಿ ಮಾರಬೇಕಾದರೆ ಚೀಲ ಬೇಕು, ಚೀಲಕ್ಕೆ ಚಿತ್ರ ಬೇಕು. 2022ರ ಜುಲೈ 18ರಂದು, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಅಕ್ಕಿಗೆ ಶೇಕಡಾ 5 ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಸರಿ, ಮಾರುಕಟ್ಟೆಯಲ್ಲಿ 26 ಕಿಲೋ ಚೀಲ ಹುಟ್ಟಿಕೊಂಡಿತು. ಆಗ ನನಗೂ ಒಬ್ಬ ಸಾವ್ಕಾರರ ಫೋನು ಬಂತು. “5 ತೆಗೆದು 6 ಹಾಕು. ಒಂದ ಅಂಕಿ ಅಲ್ಲೇನು? ಅದಕ್ಕೇನು ರೊಕ್ಕ?”

ಒಂದು ಅಂಕಿ ಖರೇ. ಆದರೆ ಬಣ್ಣದ ಚೀಲ ಅಚ್ಚಾಗೋದು ಸಿಲಿಂಡರಿನ ಮೇಲೆ, ಬಣ್ಣಕ್ಕೊಂದು ಸಿಲಿಂಡರು. ತೂಕ, ಬೆಲೆ, ಗಿರಣಿ ವಿಳಾಸ, ಆಹಾರ ಲೈಸೆನ್ಸಿನ 14 ಅಂಕಿ, ಇವುಗಳಲ್ಲಿ ಒಂದು ತಪ್ಪಿದರೂ ಸಿಲಿಂಡರು ಹೊಸದಾಗಿ ಮಾಡಿಸಬೇಕು, ಅಚ್ಚಾದ ಚೀಲ ಮೂಲೆಗೆ ಬೀಳುತ್ತದೆ. ಆಗ ಬೈಗುಳ ಯಾರಿಗೆ? ಡಿಸೈನ್ ಮಾಡಿದವನಿಗೆ! ತಪ್ಪಿದರೆ ಅವನದು ದೊಡ್ಡ ಕೆಲಸ, ಸರಿಯಾದರೆ ಎರಡು ನಿಮಿಷದ ಕೆಲಸ. ಇದ್ಯಾವ ನ್ಯಾಯ ಸ್ವಾಮೀ?

ಇನ್ನೊಬ್ಬರಿಗೆ ನಾಲ್ಕು ರಾತ್ರಿ ಕೂತು ಚೀಲದ ಮೂರು ನಮೂನೆ ಮಾಡಿಕೊಟ್ಟೆ. “ಮನಸಿಗೆ ಬರಲಿಲ್ಲ ತಮ್ಮಾ” ಅಂದರು. ಸುಮ್ಮನಾದೆ. ಕೆಲವು ತಿಂಗಳಾದ ಮೇಲೆ ಕಿರಾಣಿ ಅಂಗಡಿಯಲ್ಲಿ ಉಪ್ಪು ತರಲು ಹೋದರೆ ಎದುರಿಗೇ ನನ್ನ ಚಿತ್ರ ನಿಂತಿತ್ತು, ಹೆಸರು ಮಾತ್ರ ಬೇರೆ. ಹೋಗಿ ಕೇಳಿದೆ, “ಸಾವ್ಕಾರ್ರ, ಇದು ನಾ ಮಾಡಿದ್ದಲ್ಲೇನ್ರಿ?” ಅವರು ನಕ್ಕರು. “ನೀ ಮಾಡಿದ್ದು ಅಂತ ಅದರ ಮ್ಯಾಲೆ ಎಲ್ಲಿ ಬರದೈತಿ?”

ನನ್ನ ಹತ್ತಿರ ಚೀಟಿಯೂ ಇರಲಿಲ್ಲ, ಉತ್ತರವೂ ಇರಲಿಲ್ಲ. ಮನೆಗೆ ಬಂದೆ.

ಆಮೇಲೆ ಓದಿ ತಿಳಿದುಕೊಂಡೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಚಿತ್ರವೂ ಒಂದು ಕೃತಿ. ಅದರ ಹಕ್ಕು ಮತ್ತೊಬ್ಬರಿಗೆ ವರ್ಗ ಆಗಬೇಕಾದರೆ ಬರಹದಲ್ಲಿ ಇರಬೇಕು, ಸಹಿ ಬೇಕು. 19ನೇ ಕಲಮು ಇದನ್ನೇ ಹೇಳುತ್ತದೆ. ಬಾಯಿಮಾತು ನಡೆಯೋದಿಲ್ಲ. ಕಾಯ್ದೆ ಇದೆ, ಆದರೆ ಒಂದು ಚೀಲದ ಚಿತ್ರಕ್ಕೆ ಕೋರ್ಟು ಹತ್ತುವವರು ಯಾರು? ವಕೀಲರ ಫೀಜು ಚಿತ್ರದ ಬೆಲೆಗಿಂತ ಹೆಚ್ಚು.

ಮೊದಲು ಹೀಗಿರಲಿಲ್ಲ. ಬ್ರಷ್ ಹಿಡಿದು ಬೋರ್ಡು ಬರೆಯುತ್ತಿದ್ದ ಪೇಂಟರಿಗೆ ಅಡಿ ಲೆಕ್ಕವೋ ಅಕ್ಷರ ಲೆಕ್ಕವೋ ಮಾತಾಡಿ ಕೊಡುತ್ತಿದ್ದರು. ಬಿಸಿಲಲ್ಲಿ ಏಣಿ ಮೇಲೆ ನಿಂತದ್ದು ಕಣ್ಣಿಗೆ ಕಾಣುತ್ತಿತ್ತು. ಫ್ಲೆಕ್ಸ್ ಬಂದ ಮೇಲೆ ಪ್ರಿಂಟಿನವರು ಚದರಡಿಗೆ ಇಷ್ಟು ಅಂತ ದರ ಹಾಕಿ, ಡಿಸೈನ್ ಪುಕ್ಕಟೆ ಅಂದುಬಿಟ್ಟರು. ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪಗೊಂದು! ಅಲ್ಲಿಂದ ಈ ಕಸುಬಿಗೆ ಬೆಲೆ ಹೋಯಿತು.

ಸರಕಾರ 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್ ನಿಷೇಧಿಸಿತು. ಅದು ಎಷ್ಟು ನಡೆದಿದೆ ಅಂತ ಬಸ್ ಸ್ಟ್ಯಾಂಡಿನ ಎದುರು ನಿಂತವರಿಗೆ ನಾನು ಹೇಳಬೇಕಿಲ್ಲ. ಆದರೆ ಈಗ ಎಷ್ಟೋ ಕೆಲಸ ಪ್ರಿಂಟೇ ಆಗೋದಿಲ್ಲ. ಹಬ್ಬದ ಶುಭಾಶಯ, ಅಂಗಡಿಯ ಆಫರ್, ಗೃಹಪ್ರವೇಶದ ಆಮಂತ್ರಣ ಎಲ್ಲ ವಾಟ್ಸಾಪಿನಲ್ಲೇ ಓಡಾಡುತ್ತವೆ. ಪ್ರಿಂಟಿಗೆ ಕೊಟ್ಟ ರೊಕ್ಕದಲ್ಲೇ ಡಿಸೈನ್ ಬಂತು ಅನ್ನುವವರು, ಪ್ರಿಂಟೇ ಇಲ್ಲದ ಕೆಲಸಕ್ಕೆ ಏನು ಕೊಡುತ್ತಾರೆ? “ಥ್ಯಾಂಕ್ಸ್ ತಮ್ಮಾ” ಅಂತ ಒಂದು ಮೆಸೇಜು.

ಕೊಪ್ಪಳದ ಮಗ್ಗುಲಿಗೇ ಕಿನ್ನಾಳ ಇದೆ. ಅಲ್ಲಿನ ಚಿತ್ರಗಾರರು ಹಗುರ ಕಟ್ಟಿಗೆ ಕೆತ್ತಿ, ಹುಣಸೆ ಬೀಜದ ಅಂಟು ಬಳಸಿ, ಬಣ್ಣ ಹಚ್ಚುವ ಗೊಂಬೆಗಳಿಗೆ ದೂರದೂರದ ತನಕ ಹೆಸರಿದೆ. ಆ ಗೊಂಬೆಯನ್ನು ಯಾರಾದರೂ ಕಟ್ಟಿಗೆ ತೂಕ ಮಾಡಿ ಕೊಳ್ತಾರೇನ್ರಿ? ಕೈಯ ಕೆಲಸಕ್ಕೆ ಬೆಲೆ ಅಂತ ನಮ್ಮ ಜಿಲ್ಲೆಯವರಿಗೆ ಬೇರೆಯವರು ಕಲಿಸಬೇಕಿಲ್ಲ. ಮೌಸ್ ಹಿಡಿದದ್ದೂ ಕೈಯೇ.

ಹಾಗಂತ ಚಪ್ಪಾಳೆ ಒಂದೇ ಕೈಯಿಂದ ಆಗೋದಿಲ್ಲ. ಅಂಗಡಿಕಾರರ ದೂರೂ ಇದೆ, ಅದೂ ಖರೇ. ಅಡ್ವಾನ್ಸ್ ಇಸಕೊಂಡು ಫೋನ್ ಎತ್ತದವರಿದ್ದಾರೆ. ಇಂಟರ್ನೆಟ್ಟಿನಿಂದ ಒಂದೇ ಚಿತ್ರ ಎತ್ತಿ ಎದುರುಬದುರಿನ ಎರಡು ಅಂಗಡಿಗೆ ಹಾಕಿದವರಿದ್ದಾರೆ. ಒಂದು ಫಾಂಟಿನಿಂದ ಇನ್ನೊಂದಕ್ಕೆ ಬದಲಿಸುವಾಗ ಒತ್ತಕ್ಷರ ಒಡೆದು, ಸತ್ತವರ ಹೆಸರೂ ಸರಿಯಿಲ್ಲದ ಶ್ರದ್ಧಾಂಜಲಿ ಬೋರ್ಡು ನಿಲ್ಲಿಸಿದವರೂ ಇದ್ದಾರೆ. ಮರಿ, ಕೂಲಿ ಕೇಳುವ ಮೊದಲು ಕನ್ನಡ ಎರಡು ಸಲ ಓದು. ಬೇರೆಯವರ ಚಿತ್ರ ಕದ್ದವನಿಗೆ ತನ್ನದು ಕದ್ದರು ಅಂತ ಅಳುವ ಹಕ್ಕಿಲ್ಲ.

ಮಾಡಬೇಕಾದದ್ದು ದೊಡ್ಡದೇನಲ್ಲ. ಒಂದು ಚೀಟಿ ಸಾಕು, ವಾಟ್ಸಾಪಿನಲ್ಲಿ ಬರೆದರೂ ನಡೆದೀತು. ಏನು ಕೆಲಸ, ಎಷ್ಟು ರೊಕ್ಕ, ಎಷ್ಟು ಸಲ ತಿದ್ದೋದು. ಅರ್ಧ ಮುಂಗಡ. ಅಚ್ಚಿಗೆ ಹೋಗುವ ಮುಂಚೆ ಮಾಲೀಕರು ಓದಿ “ಸರಿ ಐತಿ” ಅಂತ ಬರೆದು ಕಳಿಸಲಿ, ಆಮೇಲಿನ ತಪ್ಪು ಇಬ್ಬರದು. ಚಿತ್ರದ ಹಕ್ಕೇ ಬೇಕು ಅನ್ನುವ ಗಿರಣಿಯವರು ಬೇರೆ ಕಾಗದ ಬರೆದು ಸಹಿ ಹಾಕಿಸಿಕೊಳ್ಳಲಿ. ನಾಳೆ ನಿಮ್ಮ ಚೀಲದ ಚಿತ್ರವನ್ನು ಮತ್ತೊಬ್ಬ ನಕಲು ಮಾಡಿದರೆ ಆ ಕಾಗದ ನಿಮಗೇ ಕೆಲಸಕ್ಕೆ ಬರುತ್ತದೆ, ನೆನಪಿರಲಿ.

ಗಲ್ಲಾಪೆಟ್ಟಿಗೆ ಮುಂದೆ ಕೂತವರಿಗೆ ಉದ್ರಿಯ ಕಷ್ಟ ಗೊತ್ತು. “ಇಂದು ನಗದು, ನಾಳೆ ಉದ್ರಿ” ಅಂತ ಬೋರ್ಡು ಹಾಕಿಸುತ್ತೀರಿ. ಆ ಬೋರ್ಡು ಮಾಡಿಕೊಟ್ಟವನದೇ ಉದ್ರಿ ಇಟ್ಟರೆ ಹೇಗೆ? ಗವಿಮಠದ ಜಾತ್ರೆ ಬಂದಾಗ ಮತ್ತೆ ಇದೇ ಹುಡುಗನಿಗೆ ಫೋನ್ ಮಾಡುವವರು ನೀವೇ. ಹೋದ ಜಾತ್ರೆಯ ಬಾಕಿ ಚುಕ್ತಾ ಮಾಡಿ, ಆಮೇಲೆ ಈ ಜಾತ್ರೆಯ ಬ್ಯಾನರ್ ಹೇಳಿ.