ಪಡಸಾಲೆ ಡಬ್ಬಿಗೆ ಅಡಿಗೆಮನೆ ಕಾಣಲ್ವಂತೆ

ಹೋದ ಸೋಮವಾರ ನಮ್ಮ ವಾರಗಿತ್ತಿ ಫೋನ್ ಮಾಡಿದ್ಲು. “ಅಕ್ಕಾ, ಅಡಿಗೆಮನೇಲಿ ನೆಟ್ ಬರಲ್ಲ ಅಂತ ಅದೇನೋ ಗೋಡೆ ಪ್ಲಗ್ಗಿಗೆ ಚುಚ್ಚೋ ಡಬ್ಬಿ ತರಿಸಿದ್ಯಂತಲ್ಲ, ಹೆಂಗೈತೆ? ನಾವೂ ಒಂದು ತರಿಸ್ಬೇಕು” ಅಂದ್ಲು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ, ಯಾಕಂದ್ರೆ ನಿಮ್ಮಲ್ಲೂ ಮೂರ್ನಾಲ್ಕು ಜನ ಇದನ್ನೇ ಕೇಳಿದೀರಿ. ತರಿಸಬ್ಯಾಡ್ರಿ. ಮೊದಲು ಮನೆಯವರ ಹತ್ರ ಒಂದು ಜಗಳ ಆಡ್ರಿ. ಅದಾದ್ಮೇಲೂ ಬೇಕು ಅನ್ನಿಸಿದ್ರೆ ತರಿಸೋರಂತೆ.

ನಮ್ಮನೆ ಹೆಂಗೈತೆ ಅಂತ ಯಲ್ಲದಕೆರೆಗೆ ಬಂದೋರಿಗೆಲ್ಲ ಗೊತ್ತು. ಮುಂದೆ ಆರ್‌ಸಿಸಿ ಪಡಸಾಲೆ, ಅದು ಈಗಿನದು. ಅದರ ಹಿಂದೆ ನಮ್ಮ ಮಾವನೋರ ಕಾಲದ ಮಾಳಿಗೆ ಮನೆ. ನಡುಮನೆ, ಅದರಾಚೆ ಅಡಿಗೆಮನೆ, ಪಕ್ಕದಲ್ಲಿ ಮಗಳು ಓದೋ ಸಣ್ಣ ಕೋಣೆ. ಹಳೇ ಗೋಡೆ ಕಲ್ಲು ಮಣ್ಣಿಂದು, ಎರಡು ಅಡಿ ದಪ್ಪ. ಬ್ಯಾಸಿಗೇಲಿ ತಣ್ಣಗಿರ್ತೈತೆ, ನಿಜ. ಆದ್ರೆ ಬಿಸಿಲನ್ನ ತಡೆದಂಗೇ ವೈಫೈನೂ ತಡೀತೈತೆ.

ನೆಟ್ ಹಾಕಕ್ಕೆ ಹುಡುಗ ಬಂದಾಗ ನಾನು ರೊಟ್ಟಿ ತಟ್ತಿದ್ದೆ. ವೈರು ಕಿಟಕಿಯಿಂದ ಒಳಗೆ ಬಂತು, ಕಿಟಕಿ ಪಕ್ಕ ಟಿವಿ, ಟಿವಿ ಪಕ್ಕ ಪ್ಲಗ್ಗು. ರೌಟರ್ ಅಲ್ಲೇ ಕುಂತ್ಕಂತು. ಹತ್ತು ನಿಮಿಷದ ಕೆಲಸ. “ಇಲ್ಲಿ ಸಾಕಾ ಸಾರ್?” ಅಂತ ಅವನು ನಮ್ಮೆಜಮಾನ್ರನ್ನ ಕೇಳಿದ, “ಸಾಕು ಬಿಡಪ್ಪ” ಅಂದ್ರು. ಒಳಗಿರೋರನ್ನ ಯಾರೂ ಕೇಳಲಿಲ್ಲ. ಗೃಹಲಕ್ಷ್ಮಿ ಅಂತ 2023ರಿಂದ ತಿಂಗಳಿಗೆ 2,000 ರೂಪಾಯಿ ಬರ್ತೈತಲ್ಲ, ಆ ಕಾಗದದಲ್ಲಿ ಮನೆ ಯಜಮಾನಿ ಅಂತ ನನ್ನ ಹೆಸರೇ ಐತೆ. ನೆಟ್ಟಿನ ಬಿಲ್ಲೂ ನಾನು ಆ ದುಡ್ಡಲ್ಲೇ ಕಟ್ಟೋದು. ಆದ್ರೆ ಡಬ್ಬಿ ಎಲ್ಲಿಡಬೇಕು ಅಂತ ಯಜಮಾನಿಯನ್ನ ಕೇಳೋ ಪದ್ಧತಿ ಇಲ್ಲ.

ಆಮೇಲೆ ಶುರುವಾಯ್ತು. ಮಗಳು ಕಾಲೇಜಿನ ಪಾಠ ಕೇಳಬೇಕು ಅಂದ್ರೆ ಪಡಸಾಲೆಗೆ ಬರಬೇಕು. ಅಲ್ಲಿ ಟಿವಿ, ಅಲ್ಲಿ ಅವರಪ್ಪನ ಸ್ನೇಹಿತರು, ಅಡಿಕೆ ರೇಟು, ಪಂಚಾಯ್ತಿ ರಾಜಕೀಯ. ಹುಡುಗಿ ಎಷ್ಟೋ ರಾತ್ರಿ ಹೊಸಿಲ ಮೇಲೆ ಕುಂತ್ಕಂಡು ಓದೈತೆ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ. ಪರೀಕ್ಷೆ ಅರ್ಜಿ ತುಂಬೋ ಕೊನೇ ದಿನ ಫೋಟೋ ಹತ್ತದೇ ಅಳ್ತಾ ನನ್ನ ಹತ್ರ ಬಂತು. ನನಗೆ ಸಂಘದ ಲೆಕ್ಕ ಕಳಿಸಬೇಕು, ಗ್ಯಾಸ್ ಬುಕ್ ಮಾಡಬೇಕು, ದುಬೈಯಲ್ಲಿರೋ ತಮ್ಮ ವಿಡಿಯೋ ಕಾಲ್ ಮಾಡ್ದಾಗ ಮುಖ ನೋಡ್ಬೇಕು. ಒಲೆ ಮೇಲೆ ಹಾಲಿಟ್ಟು ಪಡಸಾಲೆಗೆ ಓಡೋದು, ಹಾಲು ಉಕ್ಕೋದು.

ಇದನ್ನ ಹೇಳ್ದಾಗ ಮೈದುನ ಏನಂದ ಗೊತ್ತಾ? “ಅಡಿಗೆಮನೇಲಿ ನೆಟ್ ಯಾಕತ್ತಿಗೆ, ಸಾರಿಗೆ ಒಗ್ಗರಣೆ ಹಾಕಕ್ಕಾ?” ಎಲ್ಲ ನಕ್ಕರು. ನಗಲಿ. ದಿನದಲ್ಲಿ ಹತ್ತು ಗಂಟೆ ನಾನಿರೋ ಜಾಗ ಅದು. ಅವರು ಪಡಸಾಲೇಲಿ ಇರೋದು ಸಂಜೆ ಎರಡು ಗಂಟೆ.

ಜಗಳ ಬ್ಯಾಡ ಅಂತ ನಮ್ಮೆಜಮಾನ್ರೇ 1,599 ರೂಪಾಯಿ ಕೊಟ್ಟು ಎಕ್ಸ್‌ಟೆಂಡರ್ ತರಿಸಿದ್ರು. ಡಬ್ಬಿ ಮೇಲೆ ದೊಡ್ಡ ಅಕ್ಷರದಲ್ಲಿ 300 ಅಂತ ಬರೆದಿತ್ತು. ಅದು ಗಾಳೀಲಿ ಎಲ್ಲ ಸರಿಯಿದ್ರೆ ಲೆಕ್ಕದ ಮೇಲೆ ಸಿಗಬಹುದಾದ ವೇಗ, ನಮ್ಮನೇಲಿ ಸಿಗೋದಲ್ಲ. ನಾವು ದುಡ್ಡು ಕಟ್ಟೋದೇ 40ಕ್ಕೆ. ಕೆರೇಲಿ ಇರೋದಕ್ಕಿಂತ ಜಾಸ್ತಿ ನೀರು ತೂಬಲ್ಲಿ ಬರಲ್ಲ.

ಅಡಿಗೆಮನೆ ಪ್ಲಗ್ಗಿಗೆ ಚುಚ್ಚಿದ್ವಿ. ಫೋನಲ್ಲಿ ವೈಫೈ ಗುರುತು ಪೂರ್ತಿ ತುಂಬ್ಕಂತು. ನನಗೂ ಖುಷಿ. ಆದ್ರೆ ವಿಡಿಯೋ ಹಾಕಿದ್ರೆ ಸುತ್ತುತ್ತಾನೇ ಐತೆ. ಮೋಸ ಇರೋದು ಇಲ್ಲೇ ಕಣ್ರೇ, ಸರಿಯಾಗಿ ಕೇಳಿಸ್ಕಳ್ರಿ. ಆ ಗುರುತು ತೋರ್ಸೋದು ನಿಮ್ಮ ಫೋನಿಗೂ ಎಕ್ಸ್‌ಟೆಂಡರಿಗೂ ಎಷ್ಟು ಹತ್ರ ಅಂತ. ಎಕ್ಸ್‌ಟೆಂಡರಿಗೆ ರೌಟರಿಂದ ಎಷ್ಟು ಬರ್ತೈತೆ ಅಂತ ಅದು ಹೇಳಲ್ಲ. ನನ್ನ ತವರುಮನೆ ಹಿರಿಯೂರು ಕಡೆ, ಮಾರಿಕಣಿವೆ ನಾಲೆ ಕೊನೆ ಹೊಲ. ಡ್ಯಾಮು 1933ರಲ್ಲಿ ಕೋಡಿ ಬಿದ್ದಿದ್ದು ಬಿಟ್ರೆ ಮತ್ತೆ ಬಿದ್ದಿದ್ದು 2022ರಲ್ಲಿ, ಆವತ್ತು ಇಡೀ ಊರೇ ನೋಡಕ್ಕೆ ಹೋಗಿತ್ತು. ನಾಲೆ ಕೊನೇಲಿ ನೀರೇ ಹತ್ತಿಲ್ಲ ಅಂದ್ರೆ ಅಲ್ಲಿ ಎಷ್ಟು ಎಚ್‌ಪಿ ಮೋಟರ್ ಇಟ್ರೆ ಏನು ಬಂತು? ಮೋಟರ್ ಇಡಬೇಕಾದ್ದು ನೀರು ಇನ್ನೂ ಹರಿಯೋ ಜಾಗದಲ್ಲಿ. ಎಕ್ಸ್‌ಟೆಂಡರೂ ಹಂಗೇ. ನೆಟ್ ಬರದ ಕೋಣೇಲಿ ಅದನ್ನ ಚುಚ್ಚೋದು ಎಲ್ರೂ ಮಾಡೋ ತಪ್ಪು.

ಮಗಳು ಹಟ ಹಿಡಿದು ಕೋಣೆ ಕೋಣೆಗೂ ಅಳೆದ್ಲು. ಫೋನಲ್ಲೇ ಅಳೀಬಹುದು, ಕಷ್ಟ ಏನಿಲ್ಲ. ರೌಟರ್ ಪಕ್ಕ 38. ನಡುಮನೇಲಿ 11. ಅಡಿಗೆಮನೇಲಿ ಎಕ್ಸ್‌ಟೆಂಡರ್ ಚುಚ್ಚಿಟ್ಟು ನೋಡಿದ್ರೆ 1. ಅದನ್ನೇ ಕಿತ್ತು ನಡುಮನೆ ಬಾಗಿಲ ಹತ್ರ ಚುಚ್ಚಿದ್ರೆ ಅಡಿಗೆಮನೇಲಿ 5.

ಹನ್ನೊಂದು ಇದ್ದ ಕಡೆ ಇಟ್ರೂ ಐದೇ ಯಾಕೆ ಅಂದ್ರೆ, ಕಡಿಮೆ ರೇಟಿನ ಎಕ್ಸ್‌ಟೆಂಡರ್ ಒಂದೇ ಅಲೇಲಿ ರೌಟರ್ ಮಾತು ಕೇಳ್ಕಂಡು, ಅದೇ ಅಲೇಲಿ ನಿಮಗೆ ಹೇಳಬೇಕು. ಕೇಳುವಾಗ ಹೇಳಕ್ಕಾಗಲ್ಲ, ಹೇಳುವಾಗ ಕೇಳಕ್ಕಾಗಲ್ಲ. ಹಂಗಾಗಿ ಅರ್ಧ ಅಲ್ಲೇ ಹೋಗ್ತೈತೆ. ಎರಡು ಅಲೆ ಇರೋವು, ಅಂದ್ರೆ 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಇರೋವು, ಒಂದರಲ್ಲಿ ಕೇಳಿ ಇನ್ನೊಂದರಲ್ಲಿ ಹೇಳಬಹುದು. ಅವು ವಾಸಿ, ರೇಟೂ ಜಾಸ್ತಿ. ಆದ್ರೆ 5ರ ಅಲೆ ನಮ್ಮಂಥ ದಪ್ಪ ಗೋಡೆ ಎದುರು 2.4ಕ್ಕಿಂತ ಬೇಗ ಸೋಲ್ತೈತೆ. ನಮ್ಮ ಹಳೇ ಮನೆಗಳಿಗೆ ಡಬ್ಬಿ ಮೇಲಿನ ಯಾವ ಲೆಕ್ಕನೂ ಹೊಂದಲ್ಲ.

ಆಗ ನಾನು ಜಗಳ ತೆಗೆದೆ. ಇದನ್ನ ಹೇಳಕ್ಕೆ ನನಗೆ ನಾಚಿಕೆ ಇಲ್ಲ. ರೌಟರ್ ನಡುಮನೆಗೆ ಬರಲಿ ಅಂದೆ. ಪಡಸಾಲೆ ಚೆಂದ ಕೆಡ್ತೈತೆ, ವೈರು ಕಾಣ್ತೈತೆ, ಟಿವಿಗೆ ನೆಟ್ ಬರಲ್ಲ, ಬಂದೋರು ಏನಂತಾರೆ, ಎಲ್ಲ ಬಂತು. ಟಿವಿಗೆ 30 ಬಂದ್ರೆ ಸಾಲಲ್ವಾ ಅಂತ ಕೇಳಿದೆ. ಉತ್ತರ ಇಲ್ಲ. ಒಂದು ಎಚ್ಚರ: ಆ ಬರೋ ಸಣ್ಣ ವೈರಿನೊಳಗೆ ಗಾಜಿನ ಎಳೆ ಇರ್ತೈತೆ, ಮಡಿಚಿದ್ರೆ ಮುರೀತೈತೆ. ನೀವೇ ಎಳೀಬ್ಯಾಡ್ರಿ, ಹಾಕಿದ ಹುಡುಗನ್ನೇ ಕರೀರಿ. ಹೊಸದಾಗಿ ನೆಟ್ ಹಾಕಿಸ್ತಿರೋರು ಆವತ್ತೇ ಒಲೆ ಆರಿಸಿ ಎದ್ದು ಬಂದು ಜಾಗ ತೋರಿಸ್ರಿ.

ನಡುಮನೆ ಗೂಡಿನ ಮೇಲೆ, ತಲೆಗಿಂತ ಎತ್ತರದಲ್ಲಿ ಇಟ್ವಿ. ಬೀರು, ಫ್ರಿಜ್ಜು, ನೀರು ತುಂಬಿದ ಡ್ರಮ್ಮು ಇವುಗಳ ಹಿಂದೆ ಇಡಬಾರದು. ಕಬ್ಬಿಣನೂ ನೀರೂ ಎರಡೂ ಅಲೆನ ತಡೀತಾವೆ. (ಬೆಂಗಳೂರಲ್ಲಿರೋ ಹುಡುಗೀರು ಮೈಕ್ರೋವೇವ್ ಪಕ್ಕನೂ ಇಡಬ್ಯಾಡ್ರಿ, ಅದೂ 2.4ರ ಹತ್ರನೇ ಕೆಲಸ ಮಾಡೋದು.) ಈಗ ಪಡಸಾಲೇಲಿ 31, ಅಡಿಗೆಮನೇಲಿ 16. ಒಂದು ರೂಪಾಯಿ ಖರ್ಚಿಲ್ಲ, ಹುಡುಗನಿಗೆ ಊಟ ಹಾಕಿ ಕಳಿಸಿದ್ದು ಬಿಟ್ರೆ.

ಮಗಳ ಕೋಣೆ ಇನ್ನೂ ದೂರ ಇತ್ತು. ಅಲ್ಲಿಗೆ ಎಕ್ಸ್‌ಟೆಂಡರ್ ಬ್ಯಾಡ ಅಂತ ನೆಟ್ಟಿನ ದಪ್ಪ ವೈರು ತರಿಸಿ, ಜಂತೆ ಪಕ್ಕದಲ್ಲೇ ಮೊಳೆ ಹೊಡೆದು ಎಳೆದ್ವಿ. ಆ ವೈರು 100 ಮೀಟರ್ ತನಕ ವೇಗ ಕಳೀದಂಗೆ ಒಯ್ತೈತೆ, ಗೋಡೆ ಎಷ್ಟು ದಪ್ಪ ಇದ್ರೂ ಅದಕ್ಕೆ ಲೆಕ್ಕ ಇಲ್ಲ. ಆ ತುದಿಗೆ ಅಣ್ಣನ ಮನೇಲಿ ಮೂಲೇಲಿ ಬಿದ್ದಿದ್ದ ಹಳೇ ರೌಟರ್ ಸಿಕ್ಕಿಸಿದ್ವಿ. ಅದರ ಸೆಟ್ಟಿಂಗಲ್ಲಿ ಆಕ್ಸೆಸ್ ಪಾಯಿಂಟ್ ಅಂತ ಒಂದು ಇರ್ತೈತೆ, ಅದನ್ನ ಒತ್ತಬೇಕು. ಕೋಣೇಲಿ ಈಗ 36.

ಇಷ್ಟು ಬೈದು ನಾನು ಎಕ್ಸ್‌ಟೆಂಡರೇ ಸುಳ್ಳು ಅಂತಿಲ್ಲ. ಹೊಸದುರ್ಗದಲ್ಲಿ ಬಾಡಿಗೆ ಮನೇಲಿರೋ ನಮ್ಮ ತಂಗಿಗೆ ಅದೇ ಸರಿ. ಓನರ್ ಮೊಳೆ ಹೊಡೆಯಕ್ಕೂ ಬಿಡಲ್ಲ, ಗೋಡೆ ತೆಳುವು, ಅವಳಿಗೆ ಬೇಕಿರೋದು ವರಾಂಡದಲ್ಲಿ ವಾಟ್ಸಾಪು ಅಷ್ಟೇ. ಅಂಥೋರು ತಗಳ್ರಿ, ರೌಟರಿಗೂ ಆ ಜಾಗಕ್ಕೂ ಮಧ್ಯದಲ್ಲಿ, ಇನ್ನೂ ಚೆನ್ನಾಗಿ ನೆಟ್ ಸಿಗೋ ಕಡೆ ಚುಚ್ಚಿ. ಎರಡು ಅಲೇದೇ ತಗಳ್ರಿ. ವಾಪಸ್ ತಗಳ್ತೀವಿ ಅನ್ನೋ ಅಂಗಡೀಲಿ ತಗಂಡು, ಅದೇ ವಾರ ಅಳೆದು ನೋಡ್ರಿ.

ಇನ್ನೊಂದು ಮಾತು ಅಂಗಡಿಯೋರು ಹೇಳಲ್ಲ. ನಮ್ಮೂರಲ್ಲಿ ಕರೆಂಟು ಹೆಂಗೆ ಅಂತ ನಿಮಗೇ ಗೊತ್ತು. ರೌಟರ್ ಯುಪಿಎಸ್ ಮೇಲೆ ಉಳಿದ್ರೂ ಗೋಡೆಗೆ ಚುಚ್ಚಿದ ಡಬ್ಬಿ ಕರೆಂಟ್ ಜೊತೆಗೇ ಸಾಯ್ತೈತೆ. ಆಗ ಪಡಸಾಲೇಲಿ ಕುಂತೋರಿಗೆ ನೆಟ್ ಇರ್ತೈತೆ, ಒಳಗಿರೋರಿಗೆ ಕತ್ಲೆ, ನೆಟ್ಟೂ ಇಲ್ಲ. ಹಳೇ ರೌಟರ್ ಇಟ್ಟೋರೂ ಅದಕ್ಕೊಂದು ಸಣ್ಣ ಯುಪಿಎಸ್ ಇಡ್ರಿ, ನಾವು ಅದಿನ್ನೂ ತಂದಿಲ್ಲ.

ನಮ್ಮೆಜಮಾನ್ರು ಇನ್ನೂ ಗೊಣಗ್ತಾರೆ, 1,599 ದಂಡ ಆಯ್ತು ಅಂತ. ಮೊದಲೇ ಕೇಳಿದ್ರೆ ಉಳೀತಿತ್ತು ಅಂತ ನಾನೂ ಬಿಡಲ್ಲ. ವಾರಗಿತ್ತಿಗೆ ಹೇಳಿದೀನಿ, ಆ ಡಬ್ಬಿ ಇಲ್ಲೇ ಗೂಡಲ್ಲೈತೆ, ಹದಿನೈದು ದಿನ ತಗಂಡೋಗಿ ನಿಮ್ಮನೇಲಿ ಚುಚ್ಚಿ ಅಳೆದು ನೋಡು ಅಂತ. ನಿಮಗೂ ಬೇಕಿದ್ರೆ ಅವಳಾದ್ಮೇಲೆ ಇಸ್ಕಳ್ರಿ. ವೈರೂ ಎಂಟು ಮೀಟರ್ ಉಳಿದೈತೆ, ಅದನ್ನ ಮೊದಲು ಬಂದೋರಿಗೆ ಕೊಡ್ತೀನಿ.