ಗಂಡುಹುಡುಗರಿಗೊಂದು ಗಂಟು, ಹೆಣ್ಣುಮಕ್ಕಳಿಗೊಂದು ಗಂಟೇ?

ಆಗಸ್ಟ್ 15 ಬಂತೆಂದರೆ ನಮ್ಮ ಜಿಲ್ಲಾ ಕ್ರೀಡಾಂಗಣದಲ್ಲಿ ಒಂದು ದೃಶ್ಯ ತಪ್ಪದು. ಕೊರಳಿಗೆ ಸ್ಕಾರ್ಫು ಕಟ್ಟಿದ ಮಕ್ಕಳು ಬೆಳಗಿನ ಏಳು ಗಂಟೆಯಿಂದ ಸಾಲಾಗಿ ನಿಂತಿರುತ್ತಾರೆ. ಸಚಿವರ ಕಾರು ಒಂಬತ್ತಕ್ಕೋ ಒಂಬತ್ತೂವರೆಗೋ ಬರುತ್ತದೆ. ಮಕ್ಕಳು ಮೂರು ಬೆರಳೆತ್ತಿ ವಂದಿಸುತ್ತಾರೆ, ಸಚಿವರು ಕೈಬೀಸುತ್ತಾರೆ, ಫೋಟೋ ಆಗುತ್ತದೆ. ಅಲ್ಲಿಗೆ ನಮ್ಮ ಊರಿನ ಸ್ಕೌಟು ಚಳವಳಿ ಆ ವರ್ಷದ ಮಟ್ಟಿಗೆ ಮುಗಿಯಿತು. ಸಾಲಿನಲ್ಲಿ ನಿಂತವರು ಯಾರ ಮಕ್ಕಳೆಂದು ಕಳೆದ ಸಲ ನಾವು ಎಣಿಸಿ ನೋಡಿದೆವು. ಹೆಸರಾಂತ ನಾಲ್ಕೈದು ಶಾಲೆಗಳ ಮಕ್ಕಳು. ಸಂತೆ ಬೀದಿಯ ಸಣ್ಣ ಅಂಗಡಿಕಾರರ ಮನೆಯವರು ಒಬ್ಬಿಬ್ಬರು. ಗಿರಣಿ ಚಾಳಿನ ಮಗು ಒಂದೂ ಇಲ್ಲ. ಗಂಡುಮಕ್ಕಳು ಒಂದು ಕಡೆ, ಹೆಣ್ಣುಮಕ್ಕಳು ಇನ್ನೊಂದು ಕಡೆ, ನಡುವೆ ಸುಣ್ಣದ ಗೆರೆ.

ಆ ಸುಣ್ಣದ ಗೆರೆಯ ವಿಷಯವಾಗಿಯೇ ಈ ವಾರ ನಾಲ್ಕು ಮಾತು ಹೇಳಬೇಕಾಗಿದೆ. ನಮ್ಮ ಕೇರಿಯಲ್ಲಿ, ಯಾವ ಶಾಲೆಯ ಹಂಗೂ ಇಲ್ಲದೆ, ಗಂಡುಮಕ್ಕಳೂ ಹೆಣ್ಣುಮಕ್ಕಳೂ ಒಂದೇ ಬಯಲಿನಲ್ಲಿ ಕಲಿಯುವ ಒಂದು ಸ್ಕೌಟು ದಳ ಏಳಬೇಕೆಂಬುದು ನಮ್ಮ ಬೇಡಿಕೆ.

ಈ ಚಳವಳಿಯ ಹುಟ್ಟನ್ನು ಸ್ವಲ್ಪ ನೆನೆಯೋಣ. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ಎಂಬ ಸೇನಾಧಿಕಾರಿ ಇಪ್ಪತ್ತು ಹುಡುಗರ ಶಿಬಿರ ನಡೆಸಿದ. ಶ್ರೀಮಂತರ ಶಾಲೆಯ ಹುಡುಗರನ್ನೂ ಕೂಲಿಕಾರರ ಮನೆಯ ಹುಡುಗರನ್ನೂ ಒಂದೇ ಡೇರೆಯಲ್ಲಿ ಮಲಗಿಸಿದ. ಅದು ಆ ಕಾಲಕ್ಕೆ ಸಣ್ಣ ಮಾತಲ್ಲ, ಒಪ್ಪುತ್ತೇವೆ. ಆದರೆ ಹೆಣ್ಣುಮಕ್ಕಳಿಗೆ ಅಲ್ಲಿ ಜಾಗವಿರಲಿಲ್ಲ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಮೇಳಕ್ಕೆ ಕೆಲವು ಹುಡುಗಿಯರು ತಾವೇ ಟೋಪಿ ಹಾಕಿ, ಕೋಲು ಹಿಡಿದು ಬಂದು ನಿಂತರು. ಯಾರೂ ಕರೆದಿರಲಿಲ್ಲ. ಅದಕ್ಕೆ ಸಿಕ್ಕ ಉತ್ತರವೇನು? ಮರುವರ್ಷ ಪೊವೆಲನ ತಂಗಿ ಆಗ್ನೆಸಳ ಕೈಗೆ ‘ಗೈಡ್ಸ್’ ಎಂಬ ಬೇರೆ ಸಂಸ್ಥೆ ಕೊಟ್ಟು, ನೀವು ಅತ್ತ ಹೋಗಿ ಎಂದರು. ನಮ್ಮ ಕ್ರೀಡಾಂಗಣದ ಸುಣ್ಣದ ಗೆರೆ ಎಳೆದದ್ದು ಆವತ್ತು.

ಇನ್ನೊಂದು ಗೆರೆಯೂ ಅದೇ ಕಾಲದಲ್ಲಿ ನಮ್ಮ ನೆಲದಲ್ಲೇ ಬಿತ್ತು. ಭಾರತದ ಮೊದಲ ಸ್ಕೌಟು ದಳ 1909ರಲ್ಲಿ ಬೆಂಗಳೂರಿನಲ್ಲಿ ಕ್ಯಾಪ್ಟನ್ ಬೇಕರ್ ಎಂಬಾತ ಕಟ್ಟಿದ್ದು. ಅದು ಐರೋಪ್ಯರ, ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಮಾತ್ರ. ಕರಿಯ ಹುಡುಗನಿಗೆ ಪ್ರವೇಶವಿಲ್ಲ. ನಮ್ಮವರು ಬಾಗಿಲು ತಟ್ಟುತ್ತ ಕೂರಲಿಲ್ಲ. ಮದರಾಸಿನಲ್ಲಿ ಅರುಂಡೇಲರನ್ನು ಜೊತೆಗಿಟ್ಟುಕೊಂಡು ಆನಿ ಬೆಸೆಂಟ್ ಬೇರೆ ದಳ ಕಟ್ಟಿದರು. ಉತ್ತರದಲ್ಲಿ ಮಾಲವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಸೇವಾ ಸಮಿತಿಯ ಬಾಲಚರರನ್ನು ಕಟ್ಟಿದರು. ಸ್ವಾತಂತ್ರ್ಯ ಬಂದ ಮೇಲೆ 1950ರ ನವೆಂಬರ್ 7ರಂದು ಎಲ್ಲ ದಳಗಳೂ ಕೂಡಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ಮರುವರ್ಷ ಗೈಡುಗಳೂ ಅದೇ ಸೂರಿನಡಿ ಬಂದರು. ಬಣ್ಣದ ಗೆರೆ ಅಳಿಯಿತು. ಸೂರು ಒಂದಾದರೂ ಕೋಣೆಗಳು ಮಾತ್ರ ಎರಡೇ ಉಳಿದವು: ಹುಡುಗರಿಗೆ ಟ್ರೂಪು, ಹುಡುಗಿಯರಿಗೆ ಕಂಪೆನಿ.

ಗೆರೆ ಎಳೆದ ಇಂಗ್ಲೆಂಡೇ ಈಗ ಅದನ್ನು ಒರೆಸಿ ಹಾಕಿದೆ ಎಂಬುದನ್ನು ನಮ್ಮ ಸಂಪ್ರದಾಯವಾದಿಗಳು ಗಮನಿಸಬೇಕು. ಅಲ್ಲಿ 1976ರಲ್ಲಿ ದೊಡ್ಡ ವಯಸ್ಸಿನ ವಿಭಾಗಕ್ಕೆ ಹುಡುಗಿಯರನ್ನು ಸೇರಿಸಿದರು. 1991ರಲ್ಲಿ ಇಷ್ಟವಿದ್ದ ದಳಗಳು ಎಲ್ಲ ವಿಭಾಗಕ್ಕೂ ಸೇರಿಸಬಹುದೆಂದರು. 2007ರಿಂದ ಎಲ್ಲ ದಳಗಳಿಗೂ ಅದೇ ನಿಯಮ. ಅಮೆರಿಕದ ಬಾಯ್ ಸ್ಕೌಟ್ಸ್ 2019ರಲ್ಲಿ ಹುಡುಗಿಯರ ದಳಗಳಿಗೆ ಬಾಗಿಲು ತೆರೆದು, 2025ರಲ್ಲಿ ತನ್ನ ಹೆಸರಿನಿಂದಲೇ ‘ಬಾಯ್’ ಎಂಬ ಮಾತನ್ನು ಕಿತ್ತುಹಾಕಿತು. ಗುರು ಬಿಟ್ಟ ಮಡಿಯನ್ನು ಶಿಷ್ಯ ಹಿಡಿದು ಕೂತಿದ್ದಾನೆ.

ದುಡಿಯುವ ಜನರ ಸಂಘಗಳು ಅಷ್ಟು ವರ್ಷ ಕಾಯಲಿಲ್ಲ. 1925ರಲ್ಲಿ ಲಂಡನ್ನಿನ ಲೆಸ್ಲಿ ಪಾಲ್ ಎಂಬ ತರುಣ, ಮೀಸೆ ಚಿಗುರುವ ವಯಸ್ಸು, ‘ವುಡ್‌ಕ್ರಾಫ್ಟ್ ಫೋಕ್’ ಎಂಬ ದಳ ಕಟ್ಟಿದ. ಸೈನ್ಯದ ವಾಸನೆ ಬೇಡ, ಹುಡುಗ ಹುಡುಗಿಯರು ಮೊದಲ ದಿನದಿಂದಲೇ ಒಟ್ಟಿಗೆ. ಅದಕ್ಕೆ ಜಾಗ, ಹಣ ಕೊಟ್ಟು ನಿಂತದ್ದು ಕಾರ್ಮಿಕರ ಸಹಕಾರ ಸಂಘಗಳು. ಜರ್ಮನಿಯಲ್ಲಿ 1927ರಲ್ಲಿ ಕೀಲ್ ನಗರದ ಹತ್ತಿರ ಸೀಕಾಂಪ್ ಎಂಬಲ್ಲಿ ಕಾರ್ಮಿಕರ ಎರಡು ಸಾವಿರ ಮಕ್ಕಳು ಡೇರೆ ಹಾಕಿ ‘ಮಕ್ಕಳ ಗಣರಾಜ್ಯ’ ಮಾಡಿದರು. ಮಕ್ಕಳೇ ಪ್ರತಿನಿಧಿಗಳನ್ನು ಆರಿಸಿದರು, ಅಲ್ಲಿಯ ನಿಯಮಗಳನ್ನು ತಾವೇ ಚರ್ಚಿಸಿದರು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದು ಈ ಸಂಘವನ್ನು ನಿಷೇಧಿಸಿದರು. ಮಕ್ಕಳ ಡೇರೆಗೂ ಅವರು ಹೆದರಿದರೆಂದರೆ ಅದರ ಬಲವನ್ನು ಊಹಿಸಿಕೊಳ್ಳಿ. ನಮ್ಮ ಪಕ್ಕದ ಪುಣೆಯಲ್ಲಿ 1941ರಲ್ಲಿ ಎಸ್. ಎಂ. ಜೋಶಿಯವರ ಮುಂದಾಳತನದಲ್ಲಿ ಎದ್ದ ರಾಷ್ಟ್ರ ಸೇವಾ ದಳದ ಶಾಖೆಗಳಲ್ಲಿಯೂ ಹುಡುಗಿಯರು ಹುಡುಗರ ಜೊತೆಗೇ ಆಡಿದರು, ಹಾಡಿದರು. ವೈದ್ಯಕೀಯ ಓದನ್ನು ಬಿಟ್ಟು ಆ ದಳದಲ್ಲಿ ದುಡಿದ ಮೃಣಾಲ್ ಗೋರೆಯವರೇ ಮುಂದೆ ಮುಂಬಯಿಯ ಗೋರೆಗಾಂವಿನಲ್ಲಿ ಬಡವರ ನಲ್ಲಿಗೆ ನೀರು ತರಿಸಿ ‘ನೀರಿನ ಬಾಯಿ’ ಎನಿಸಿಕೊಂಡರು.

ಇಷ್ಟನ್ನು ಹೇಳಿದಾಗ ನಮ್ಮ ಮಿತ್ರರೊಬ್ಬರು, ಕಿರಾಣಿ ಅಂಗಡಿಯ ಯಜಮಾನರು, ತಕ್ಕಡಿ ಕೆಳಗಿಟ್ಟು ಕೇಳಿದರು: “ಎಲ್ಲಾ ಸರಿ ಬಿಡ್ರಿ. ದೊಡ್ಡ ಹೆಣ್ಣುಹುಡುಗೀನ ಗಂಡುಹುಡುಗರ ಜೋಡಿ ಬಯಲಿಗೆ ಬಿಟ್ರೆ ನಾಳೆ ಜನ ಏನಂತಾರ?”

ಯಜಮಾನರೇ, ನಿಮ್ಮ ಮಗಳು ಸಂಜೆ ಇದೇ ಅಂಗಡಿಯಲ್ಲಿ ಗಿರಾಕಿಗಳಿಗೆ ಅಕ್ಕಿ ತೂಗುತ್ತಾಳೆ. ಆಗ ಜನ ಏನೂ ಅನ್ನುವುದಿಲ್ಲ. ಚಾಳಿನ ಹುಡುಗಿ ಹದಿನೆಂಟು ತುಂಬಿದ ಮರುದಿನವೇ ಗಾರ್ಮೆಂಟಿಗೆ ಹೋಗಿ ಗಂಡಸು ಸೂಪರ್‌ವೈಜರನ ಬೈಗುಳ ತಿನ್ನುತ್ತಾಳೆ. ಆಗಲೂ ಜನ ಏನೂ ಅನ್ನುವುದಿಲ್ಲ. ದುಡಿಮೆಗೆ ಒಟ್ಟಿಗೆ ಬಿಡುವ ಮಕ್ಕಳನ್ನು ಆಟಕ್ಕೆ, ಕಲಿಕೆಗೆ ಒಟ್ಟಿಗೆ ಬಿಟ್ಟರೆ ಮಾತ್ರ ಊರಿನ ಬಾಯಿ ತೆರೆಯುತ್ತದೆ. ಈ ‘ಜನ’ ಯಾರು? ನಾವೇ ತಾನೆ?

ಆದರೆ ತಾಯಂದಿರು ಎತ್ತುವ ಪ್ರಶ್ನೆಗಳನ್ನು ಹೀಗೆ ತಳ್ಳಿಹಾಕಲಾಗದು. ಶಿಬಿರದಲ್ಲಿ ಹುಡುಗಿಯರಿಗೆ ಬಾಗಿಲಿರುವ ಪಾಯಖಾನೆ ಉಂಟೇ? ಮುಟ್ಟಿನ ದಿನ ಯಾರಿಗೆ ಹೇಳಬೇಕು? ಮೇಲ್ವಿಚಾರಕ ಎಂಥವನು? ಈ ಪ್ರಶ್ನೆಗಳಿಗೆ ಉತ್ತರ ಕೊಡದೆ ದಳ ಕಟ್ಟಹೊರಟವನನ್ನು ನಾವು ನಂಬುವುದಿಲ್ಲ. ಒಬ್ಬ ಹೆಂಗಸು ನಾಯಕಿ, ಒಬ್ಬ ಗಂಡಸು ನಾಯಕ, ಇಬ್ಬರೂ ಬಂದ ದಿನ ಮಾತ್ರ ದಳ ಸೇರಬೇಕು. ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಒಬ್ಬರೇ ಇರಕೂಡದು. ಮಲಗುವ ಡೇರೆಗಳು ಬೇರೆ. ತಾಯಿ ತಂದೆಯರು ಯಾವ ಗಳಿಗೆಯಲ್ಲಾದರೂ ಬಂದು ನೋಡಬಹುದು. ಮಕ್ಕಳ ಮೇಲೆ ಕೈಮಾಡುವವರಿಗೆ 2012ರ ಪೋಕ್ಸೋ ಕಾಯಿದೆ ಇದೆ. ದೂರು ಬಂದರೆ ಊರ ಹಿರಿಯರ ಪಂಚಾಯ್ತಿಯಲ್ಲ, ನೇರ ಪೊಲೀಸ್ ಠಾಣೆ.

ಇನ್ನೊಂದು ಆಕ್ಷೇಪಣೆಯಲ್ಲಿಯೂ ಹುರುಳಿದೆ. ನಿವೃತ್ತ ಗೈಡು ಶಿಕ್ಷಕಿಯೊಬ್ಬರು ನಮಗೆ ಹೇಳಿದರು: “ಹುಡುಗಿಯರೇ ಇದ್ದ ಕಂಪೆನಿಯಲ್ಲಿ ಡೇರೆ ಗೂಟವನ್ನೂ ಹುಡುಗಿಯೇ ಹೊಡೀತಾಳೆ. ಹುಡುಗರು ಬಂದ್ರೆ ಸುತ್ತಿಗೆ ಅವರ ಕೈಗೆ ಹೋಗುತ್ತೆ, ಇವಳ ಕೈಗೆ ಚಹಾದ ಪಾತ್ರೆ ಬರುತ್ತೆ.” ನಿಜ. ಹುಡುಗಿಯರನ್ನು ಸಾಲಿಗೆ ಸೇರಿಸಿಕೊಂಡ ಮಾತ್ರಕ್ಕೆ ಸಮಾನತೆ ಬಂದುಬಿಡುವುದಿಲ್ಲ. ಅಡುಗೆಯ ಸರದಿ, ಪಾತ್ರೆ ತೊಳೆಯುವ ಸರದಿ, ಗೂಟ ಹೊಡೆಯುವ ಸರದಿ, ತಂಡದ ನಾಯಕತ್ವದ ಸರದಿ, ಎಲ್ಲವನ್ನೂ ಹಲಗೆಯ ಮೇಲೆ ಬರೆದು ತೂಗುಹಾಕಬೇಕು. ಅನ್ನ ಬೇಯಿಸಲು ಬಾರದ ಹುಡುಗನಿಗೆ ಬ್ಯಾಡ್ಜು ಕೊಡಕೂಡದು. ಮನೆಯಲ್ಲಿ ಅಪ್ಪ ಮಾಡದ್ದನ್ನು ಮಗ ಬಯಲಿನಲ್ಲಿ ಕಲಿಯಲಿ. ಅಪ್ಪನಿಗೂ ಸ್ವಲ್ಪ ನಾಚಿಕೆಯಾಗಲಿ.

ದಳ ಕಟ್ಟುವುದು ಹೇಗೆ? ಮೊದಲು ಜಿಲ್ಲಾ ಸಂಸ್ಥೆಗೆ ಹೋಗಿ ಕೇಳಬೇಕು: ನಮ್ಮ ಬಡಾವಣೆಗೆ ಹತ್ತಿರ ಶಾಲೆಗೆ ಸೇರದ ಮಕ್ಕಳನ್ನೂ ತೆಗೆದುಕೊಳ್ಳುವ ದಳ ಇದೆಯೇ? ಇದ್ದರೆ ಅದಕ್ಕೇ ಮಕ್ಕಳನ್ನು ಕಳಿಸೋಣ, ಹೊಸದರ ಹಠ ನಮಗಿಲ್ಲ. ಇಲ್ಲವಾದರೆ ನಾವೇ ಕಟ್ಟೋಣ. ಹತ್ತು ವರ್ಷ ತುಂಬಿದ ಮಕ್ಕಳು, ಆರೋ ಎಂಟೋ ಮಂದಿಗೆ ಒಂದು ತಂಡ, ಮೂರು ನಾಲ್ಕು ತಂಡವಾದರೆ ಆರಂಭಕ್ಕೆ ಸಾಕು. ನಾಯಕಿ, ನಾಯಕ ಆಗುವವರು ಸಂಸ್ಥೆಯ ತರಬೇತಿ ಪಡೆಯಬೇಕು. ಹರಿಹರದ ಹತ್ತಿರ ಕೊಂಡಜ್ಜಿಯಲ್ಲಿ, ಅತ್ತ ದೊಡ್ಡಬಳ್ಳಾಪುರದಲ್ಲಿ ಸ್ಕೌಟು ಶಿಬಿರದ ತಾಣಗಳಿವೆ. “ನಿಯಮದ ಪ್ರಕಾರ ಟ್ರೂಪು ಬೇರೆ, ಕಂಪೆನಿ ಬೇರೆ” ಎಂದು ಕಚೇರಿಯಲ್ಲಿ ಹೇಳಿಯಾರು. ಹೇಳಲಿ. ಹಾಜರಿ ಪುಸ್ತಕ ಎರಡಿರಲಿ. ಬಯಲು ಒಂದು, ಹೊತ್ತು ಒಂದು, ಪಾಠ ಒಂದು ಇರಲಿ. ಪುಸ್ತಕವನ್ನು ಒಂದು ಮಾಡಿಸುವ ಹೋರಾಟವನ್ನು ಮಕ್ಕಳ ಕಲಿಕೆ ನಿಲ್ಲಿಸದೆಯೇ ನಡೆಸಬಹುದು.

ಸಮವಸ್ತ್ರದ ಖರ್ಚಿಗೆ ಹೆದರಬೇಡಿ. ಮೊದಲ ಆರು ತಿಂಗಳು ಸ್ಕಾರ್ಫು ಒಂದೇ ಸಾಕೆಂದು ನಾವು ಹೇಳುತ್ತೇವೆ. ಅಂಗಿ ಬೇಕಾದಾಗ ನಮ್ಮ ಕೇರಿಯ ದರ್ಜಿಗಳೇ ಹೊಲಿಯಲಿ. ಶಾಲೆಗಳು ಗೊತ್ತುಮಾಡಿದ ಒಂದೇ ಅಂಗಡಿಯಲ್ಲಿ ಎರಡು ಪಟ್ಟು ತೆರುವುದು ಬೇಡ. ಬಯಲಿನ ವಿಷಯ ಮಾತ್ರ ಕಷ್ಟದ್ದು. ಬಡಾವಣೆಯ ಮೈದಾನ ವರ್ಷದಲ್ಲಿ ಅರ್ಧ ಕಾಲ ಸೀರೆ ಪ್ರದರ್ಶನಕ್ಕೂ ಮದುವೆಯ ಶಾಮಿಯಾನಕ್ಕೂ ಬಾಡಿಗೆಗೆ ಹೋಗುತ್ತದೆ. ವಾರಕ್ಕೆ ಎರಡು ಗಂಟೆ ಮಕ್ಕಳಿಗೆ ಬಿಟ್ಟುಕೊಡಿ ಎಂದು ನಗರಸಭೆಗೆ ಮನವಿ ಬರೆದಿದ್ದೇವೆ. ಸಹಿಗಳು ಬೇಕು.

ಗಂಟು ಹಾಕುವುದನ್ನು ಕಲಿಸಲು ಸಾಹೇಬರೇ ಬರಬೇಕಾಗಿಲ್ಲ. ಹತ್ತಿ ಬೇಲು ಕಟ್ಟಿದ ಕೈಗಳು, ಲಾರಿಗೆ ಲೋಡು ಬಿಗಿದ ಕೈಗಳು ನಮ್ಮಲ್ಲಿ ನೂರಾರಿವೆ. ಹಸುಗೂಸಿಗೆ ಜೋಳಿಗೆ ಕಟ್ಟುವ ತಾಯಿ ಹಾಕುವ ಗಂಟು ಯಾವ ಸ್ಕೌಟು ಮಾಸ್ತರನ ಗಂಟಿಗೂ ಕಡಿಮೆಯಿಲ್ಲ. ಅದು ಬಿಚ್ಚಿದರೆ ಏನಾದೀತೆಂದು ಆಕೆಗೆ ಗೊತ್ತು.

ಬರುವ ಭಾನುವಾರ ಸಂಜೆ ನಾಲ್ಕಕ್ಕೆ, ಮೊದಲ ಪಾಳಿಯವರು ಊಟ ಮುಗಿಸಿ ಒಂದು ನಿದ್ದೆ ತೆಗೆದು ಏಳುವ ಹೊತ್ತಿಗೆ, ಸಂಘದ ಕಚೇರಿಯ ಹಿಂದಿನ ಬಯಲಿನಲ್ಲಿ ಸೇರೋಣ. ಪ್ರತಿ ಮಗುವಿಗೂ ಹತ್ತು ಅಡಿ ಹಗ್ಗ, ಒಂದು ಬಾಟಲಿ ನೀರು ಕೊಟ್ಟು ಕರೆತನ್ನಿ. ಮಗನನ್ನು ಮಾತ್ರ ಕರೆತಂದವರನ್ನು ಮಗಳನ್ನೂ ಕರೆತರಲು ವಾಪಸು ಕಳಿಸಲಾಗುವುದು.