ಅಂಕಪಟ್ಟಿಯಲ್ಲಿ ಕಾಣದ ನೋವು

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಗೆ ಶರಣಾದ ವಿದ್ಯಾರ್ಥಿಗಳ ಸಂಖ್ಯೆ 13,044. ದಿನಕ್ಕೆ ಸರಾಸರಿ 35ಕ್ಕೂ ಹೆಚ್ಚು. ಈ ದುರಂತದ ಹಿನ್ನೆಲೆಯಲ್ಲಿಯೇ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಆಪ್ತಸಮಾಲೋಚಕರನ್ನು ನೇಮಿಸಬೇಕೆಂದು ನಿರ್ದೇಶಿಸಿತು. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಏರ್ಪಡಿಸಿಕೊಳ್ಳಬೇಕೆಂದಿತು.

ಈ ಹೊಣೆಯನ್ನು ಗಣಿತದ ಅಧ್ಯಾಪಕರೊಬ್ಬರ ಹೆಗಲಿಗೇರಿಸಿ ಆಡಳಿತ ಮಂಡಳಿಗಳು ಕೈತೊಳೆದುಕೊಳ್ಳಬಾರದು. ಅಂಕ ನೀಡುವವರ ಮುಂದೆ ಯಾವ ಮಗು ತಾನೇ ಮನಸ್ಸು ಬಿಚ್ಚೀತು? ಕಟ್ಟಡಕ್ಕೆ ದೇಣಿಗೆ ಸಂಗ್ರಹಿಸುವ ನಾವು ಸಮಾಲೋಚಕರ ವೇತನಕ್ಕೂ ದಾರಿ ಹುಡುಕಬೇಕಾಗಿದೆ.

ಹೆತ್ತವರ ಪಾತ್ರವೂ ಕಿರಿದಲ್ಲ. ಜ್ವರ ಬಂದರೆ ವೈದ್ಯರಲ್ಲಿಗೆ ಧಾವಿಸುವ ನಾವು, ಮಗು ಊಟ-ನಿದ್ದೆ ಬಿಟ್ಟು ಮೌನವಾದಾಗ ‘ಜನ ಏನೆಂದಾರು’ ಎಂದು ಮುಚ್ಚಿಡುತ್ತೇವೆ. ಕೇಂದ್ರ ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ಲಭ್ಯವಿದೆ. ಪೋಷಕರ ಸಭೆಯಲ್ಲಿ ಅಂಕಗಳನ್ನು ವಿಚಾರಿಸುವ ನಾವು, ‘ಇಲ್ಲಿ ಮಕ್ಕಳ ಅಳಲನ್ನು ಆಲಿಸುವವರು ಯಾರು?’ ಎಂದೂ ಕೇಳಬೇಕು. ಉತ್ತರ ಸಿಗುವವರೆಗೂ ಕೇಳುತ್ತಿರಬೇಕು.